ಎತೆಲ್ಕಾಳ ಮೀನು, ಕಾಲ್ಮಾನನ ನೆಲ

ಬುಡಾಪೆಸ್ಟಿನ ಹಳೆಯ ಮನೆಗಳಲ್ಲಿ ನಲವತ್ತು ವರ್ಷ ಓಕ್ ಮರದ ನೆಲ ಹಾಸಿದ ಕಾಲ್ಮಾನ್ ಮಹಾ ಹಟಮಾರಿ. ಹೆಜ್ಜೆಯ ಸದ್ದು ಕೇಳಿಯೇ ಹಲಗೆಯ ಕೆಳಗೇನಿದೆಯೆಂದು ಹೇಳಬಲ್ಲೆನೆಂಬ ಜಂಬ ಬೇರೆ. ಊರವರ ನೆಲ ನೂರಾರು ಕಿತ್ತಿದ್ದ. ಮೂರನೇ ಮಹಡಿಯ ತನ್ನ ಮನೆಯಲ್ಲಿ ಒಂದು ಹಲಗೆಯನ್ನೂ ಎತ್ತಿರಲಿಲ್ಲ. ಈ ಬೀದಿಯ ಮನೆಗಳಿಗೆಲ್ಲ ಮರದ ತೊಲೆಯೇ, ನೋಡುವುದೇನು ಎನ್ನುತ್ತಿದ್ದ.

ಹೆಂಡತಿ ಎತೆಲ್ಕಾಳಿಗೆ ಮೀನೆಂದರೆ ಪ್ರಾಣ. ತುಂಬಿದರೆ ನಾನೂರು ಕಿಲೋ ತೂಗುವ ಅವಳ ಗಾಜಿನ ತೊಟ್ಟಿಯನ್ನು ಅವನು ದಪ್ಪ ಗೋಡೆಗೆ ಒತ್ತಿ, ಭಾರ ಹರಡಲೆಂದು ಕಾಲಡಿಗೆ ಅಗಲವಾದ ಹಲಗೆ ಕೊಟ್ಟು ನಿಲ್ಲಿಸಿದ್ದ. ಹದಿನೆಂಟು ವರ್ಷವಾದರೂ ನೆಲ ಕೂದಲೆಳೆಯಷ್ಟೂ ತಗ್ಗಿರಲಿಲ್ಲ.

ಆಮೇಲೆ ಅವಳಿಗೆ ಲಕ್ವ ಹೊಡೆಯಿತು. ಮಲಗಿದರೆ ಕಿಟಕಿಯ ಕಡೆಗೆ ಮಾತ್ರ ಮುಖ. ಇನ್ನೊಂದು ಮಗ್ಗುಲಿಗೆ ಉಸಿರು ಕಟ್ಟುತ್ತಿತ್ತು. ಮಂಚ ತಿರುಗಿಸಲು ಕೋಣೆ ಬೆಚ್ಚಗಿಡುವ ಹೆಂಚಿನ ಒಲೆ ಅಡ್ಡ. ತೊಟ್ಟಿ ಬೆನ್ನ ಹಿಂದೆ ಉಳಿಯಿತು.

"ತೊಟ್ಟೀನ ಈ ಕಡೆ ಇಡು," ಎಂದಳು.

"ಕೋಣೆ ಮಧ್ಯ ಇಟ್ರೆ ತೊಲೆ ಬಗ್ಗತ್ತೆ ಕಣೇ. ನೆಲ ಹಾಳಾಗತ್ತೆ."

"ನಿನ್ನ ನೆಲಾನ ನಾನೇನು ಹೊತ್ಕೊಂಡು ಹೋಗಲ್ಲ ಮಾರಾಯ."

ಅವನು ಸುಮ್ಮನೇನೂ ಕೂರಲಿಲ್ಲ. ಚಿಕ್ಕ ಭರಣಿಯಲ್ಲಿ ಎರಡು ಮೀನು ತಂದಿಟ್ಟ. ಅವಳ ಕಣ್ಣೆದುರೇ ಸತ್ತು ತೇಲಿದವು. ಕಿಟಕಿಗೆ ಕನ್ನಡಿ ತೂಗುಹಾಕಿದ. ಮೀನಿಗಿಂತ ಮೊದಲು ತನ್ನ ಸೊಟ್ಟಬಾಯಿ ಕಂಡು ಅವಳು ಅದನ್ನೂ ತೆಗೆಸಿದಳು. ತೊಟ್ಟಿಯನ್ನು ಮಾತ್ರ ಜರುಗಿಸಲಿಲ್ಲ. ಏಳು ತಿಂಗಳು ಎತೆಲ್ಕಾ ಬೆನ್ನ ಹಿಂದಿನ ಗುಳುಗುಳು ಸದ್ದು ಕೇಳುತ್ತ, ಎದುರುಮನೆಯ ಗೋಡೆ ನೋಡುತ್ತ ಮಲಗಿದ್ದು, ಮಾರ್ಚ್ ತಿಂಗಳಲ್ಲಿ ತೀರಿಕೊಂಡಳು. ಪುಣ್ಯಾತ್ಮ ನೆಲವನ್ನಂತೂ ಕಾಪಾಡಿದ್ದ.

ಮೀನು ಒಯ್ಯಲು ಅವಳ ತಂಗಿ ಮಾರ್ಗಿತ್ ಬಂದಳು. ತೊಟ್ಟಿ ಬರಿದು ಮಾಡುವಾಗ ಕಾಲ್ಮಾನನ ಕೈಯಿಂದ ಬಕೆಟ್ ಜಾರಿ, ಮಂಚಕ್ಕೂ ಕಿಟಕಿಗೂ ನಡುವೆ ನೀರು ಚೆಲ್ಲಿತು. ಓಕ್ ಉಬ್ಬುವ ಮೊದಲೇ ಒಣಗಿಸಬೇಕೆಂದು ಉಳಿ ತಂದು ಐದಾರು ಹಲಗೆ ಎಬ್ಬಿಸಿದ, ಮನೆ ಕಟ್ಟುವಾಗ ಕೆಳಗೆ ತುಂಬಿದ್ದ, ಈಗ ಒದ್ದೆಯಾದ ಬೂದಿಯನ್ನು ಬಾಚಿದ. ಕೈಗೆ ತಣ್ಣಗೆ ಕಬ್ಬಿಣ ತಗುಲಿತು. ದಪ್ಪ ಕಬ್ಬಿಣದ ತೊಲೆ, ಮಾರುದೂರದಲ್ಲಿ ಇನ್ನೊಂದು, ನಡುವೆ ಇಟ್ಟಿಗೆಯ ಕಮಾನು. ಹತ್ತು ತೊಟ್ಟಿ ಇಟ್ಟರೂ ಅಲುಗದ ನೆಲ.

"ಮರ ಅಲ್ಲ ಮಾರ್ಗಿತ್, ಕಬ್ಬಿಣ," ಎಂದ, ಮೊಣಕಾಲೂರಿದಲ್ಲಿಂದಲೇ. "ಇಲ್ಲಿ ಇಟ್ಟಿದ್ರೂ ಏನೂ ಆಗ್ತಿರ್ಲಿಲ್ಲ."

ಮೀನಿನ ಬಕೆಟ್ಟಿಗೆ ಬಟ್ಟೆ ಕಟ್ಟುತ್ತಿದ್ದ ಮಾರ್ಗಿತ್ ತಲೆಯೆತ್ತಲಿಲ್ಲ.

"ನನಗ್ಯಾಕೆ ಹೇಳ್ತೀರಿ ಭಾವ? ಅವಳಿಗೆ ಹೇಳಿ."