ತಟ್ಟಿ ನೋಡಿದ ಹುತ್ತ

ನನ್ನ ಗಂಡನಿಗೆ ಹಾವಿಗಿಂತ ಗೆದ್ದಲಿನ ಭಯ ಹೆಚ್ಚು. ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿ ಬೀರುವಿನ ಹಿಂದಿನಿಂದ ಬಂದ ಗೆದ್ದಲು ನನ್ನ ಧಾರೆ ಸೀರೆಯ ಸೆರಗನ್ನೂ ಮದುವೆ ಆಲ್ಬಮ್ಮನ್ನೂ ತಿಂದು ಹಾಕಿತ್ತು. ಆಲ್ಬಂ ತೆರೆದರೆ ಹಸೆಮಣೆ ಮೇಲೆ ನಾನಿದ್ದೆ, ಅವರಿದ್ದ ಕಡೆ ಬರೀ ಮಣ್ಣು. ನಾನು ಕಿಸಕ್ಕನೆ ನಕ್ಕಿದ್ದಕ್ಕೆ ಮುಖ ಊದಿಸಿಕೊಂಡು ಓಡಾಡಿದ್ದರು. ಹಾಗಾಗಿ ಅಲ್ಲಾಳಸಂದ್ರದಲ್ಲಿ ಒಂದು ಹಳೆಯ ಮನೆ ಮಾರಾಟಕ್ಕಿದೆ ಎಂದು ಗೊತ್ತಾದಾಗಲೇ ಅವರ ಷರತ್ತು ಹೊರಬಿತ್ತು. "ಒಂದೇ ಒಂದು ಗೆದ್ದಲು ಕಂಡ್ರೂ ಆ ಮನೆ ಬೇಡ. ಆಮೇಲೆ ಅತ್ತೂ ಕರೆದೂ ಮಾಡೋ ಹಾಗಿಲ್ಲ."

ನನಗೋ ಆ ಮನೆಯ ಮೇಲೆ ಪ್ರಾಣ. ತೇಗದ ಬಾಗಿಲು, ಬೆಳಗಿನ ಬಿಸಿಲು ಬೀಳುವ ಅಡುಗೆಮನೆ. ಎಲ್ಲಕ್ಕಿಂತ ಮುಖ್ಯವಾಗಿ, ಖಾಲಿ ಮಾಡಿ ಅನ್ನುವ ಓನರ್ ಇಲ್ಲ. ನಾವು ಕಿಟಕಿಗೆ ಪರದೆ ಹಾಕಿಸಿದ ಕೂಡಲೇ ಬೆಂಗಳೂರಿನ ಓನರುಗಳ ಮಕ್ಕಳಿಗೆಲ್ಲ ಕಂಕಣಬಲ ಕೂಡಿಬರುತ್ತದೆ, ಏನು ಮಾಯೆಯೋ! ಈ ಸಲವೂ ಅದೇ ಆಗಿತ್ತು. ಇನ್ನೊಂದು ಬಾಡಿಗೆ ಮನೆಗೆ ಸಾಮಾನು ಕಟ್ಟುವ ಶಕ್ತಿ ನನ್ನಲ್ಲಿರಲಿಲ್ಲ.

ಮನೆ ಮಾರುತ್ತಿದ್ದ ಆಂಟಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗದೆ ತಂಗಿಯ ಮನೆಗೆ ಹೊರಟಿದ್ದರು. ತಂಗಿಯ ಜೊತೆ ಫೋನಿನಲ್ಲಿ ದಖನಿ ಉರ್ದು, ನಮ್ಮ ಜೊತೆ ಸೊಗಸಾದ ಕನ್ನಡ. ಮನೆಯನ್ನೆಲ್ಲ ತೋರಿಸಿ ಕೊನೆಗೆ ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಕಾಂಪೌಂಡಿನ ಮೂಲೆಯಲ್ಲಿ ಸೊಂಟದೆತ್ತರದ ಕೆಂಪು ಹುತ್ತ, ಅದಕ್ಕೆ ಅರಿಶಿನ ಕುಂಕುಮ. "ನಾವು ಸೈಟು ತಗೊಳ್ಳೋಕ್ ಮುಂಚೆಯಿಂದಾನೇ ಇದೆಯಮ್ಮಾ. ನಾಗರ ಪಂಚಮಿಗೆ ಪಕ್ಕದ ಮನೆಯವ್ರು, ಈ ಬೀದಿ ಹೆಂಗಸ್ರು ಎಲ್ಲಾ ತನಿ ಎರೆಯೋಕೆ ಇಲ್ಲಿಗೇ ಬರ್ತಾರೆ. ಗೇಟು ತೆಗೆದಿಡ್ತೀನಿ" ಎಂದರು.

ನನ್ನ ಗಂಡನ ಮುಖ ಹುಳ್ಳಗಾಯಿತು. "ಹುತ್ತ ಕಟ್ಟೋದು ಯಾರು ಹೇಳು? ಗೆದ್ದಲು! ಹಾವು ಆಮೇಲೆ ಬರೋ ಬಾಡಿಗೆದಾರ. ಗೆದ್ದಲಿನ ಹೆಡ್ ಆಫೀಸೇ ಇಲ್ಲಿದೆ ಕಣೇ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಪೆಸ್ಟ್ ಕಂಟ್ರೋಲಿನವನನ್ನು ಕರೆಸಿದೆವು. ಅವನು ಟಾರ್ಚು ಬಿಟ್ಟುಕೊಂಡು, ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲು, ಕಿಟಕಿ, ಬೀರು ಎಲ್ಲವನ್ನೂ ತಟ್ಟುತ್ತಾ ಹೋದ. ಪ್ರತಿ ಸಲ ಅವನು ಬಗ್ಗಿದಾಗಲೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಎಲ್ಲೂ ಏನೂ ಇರಲಿಲ್ಲ. ಉಳಿದದ್ದು ಹುತ್ತ. ಅವನು ಅತ್ತ ತಿರುಗಿದ್ದೇ ತಡ, ಆಂಟಿ ಅಡ್ಡ ಬಂದು ನಿಂತರು.

"ಅದನ್ನ ಮಾತ್ರ ಮುಟ್ಬೇಡಿ."

"ನಾನೂ ಮುಟ್ಟಲ್ಲ ಮೇಡಂ. ನಾನು ಗೆದ್ದಲಿಗೆ ಔಷಧಿ ಹೊಡೆಯೋನು, ಹಾವಿಗಲ್ಲ" ಎಂದು ಅವನು ಖುಷಿಯಿಂದಲೇ ಹಿಂದೆ ಸರಿದ.

ನನ್ನ ಗಂಡ ಕಾರಿನ ಕೀ ತೆಗೆದರು. "ನಡಿ ಹೋಗೋಣ. ಏನೋ ಮುಚ್ಚಿಡ್ತಿದ್ದಾರೆ."

ನನಗೂ ಹಾಗೇ ಅನ್ನಿಸಿತು, ಅದಕ್ಕೇ ಸಿಟ್ಟು ನೆತ್ತಿಗೇರಿತು. ಇಷ್ಟು ಒಳ್ಳೆಯ ಮನೆ ಒಂದು ಮಣ್ಣಿನ ಗುಡ್ಡೆಯಿಂದ ಕೈ ತಪ್ಪುವುದೆಂದರೇನು! ಚಪ್ಪಲಿ ಬಿಟ್ಟೆ, "ತಪ್ಪಾಯ್ತು ನಾಗಪ್ಪಾ" ಎಂದು ಕೆನ್ನೆ ಬಡಿದುಕೊಂಡೆ, ಅವನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು ಹುತ್ತಕ್ಕೆ ಒಂದು ಬಾರಿಸಿದೆ.

ಠಣ್!

ಮೇಲಿನ ಕೆಂಪು ಮಣ್ಣು ಹಕ್ಕಳೆಯಾಗಿ ಉದುರಿತು. ಒಳಗೆ ಬೂದು ಬಣ್ಣದ ಗಟ್ಟಿ ಸಿಮೆಂಟು.

ಆಂಟಿ ಪಕ್ಕದ ಮನೆಯ ಕಡೆ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು, ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು. "ಯಾ ಅಲ್ಲಾ, ಮೆಲ್ಲಗೆ ಕಣಮ್ಮಾ! ಅವ್ರಿಗೆ ಕೇಳಿಸ್ಬಿಡುತ್ತೆ." ಹಿಂದೊಮ್ಮೆ ಸಂಪು ತೋಡಿಸುವಾಗ ಹುತ್ತ ಕುಸಿದು ಬಿದ್ದಿತಂತೆ. ಒಳಗೆ ಹಾವೂ ಇಲ್ಲ, ಗೆದ್ದಲೂ ಇಲ್ಲ, ಎಂದೋ ಬಿಟ್ಟುಹೋದ ಗೂಡು. ಆಗ ಪಂಚಮಿ ಹತ್ತಿರ ಬಂದಿತ್ತಂತೆ. "ಹೆಂಗಸ್ರು ಹಾಲು ಹಿಡ್ಕೊಂಡು ಬಂದು ನಿಂತ್ರೆ ಏನಮ್ಮ ತೋರಿಸ್ಲಿ? ಗಾರೆಯವನಿಗೆ ಹೇಳಿ ಕಟ್ಟಿಸ್ಬಿಟ್ಟೆ. ವರ್ಷಾ ವರ್ಷಾ ಮೇಲೆ ಮಣ್ಣು ಮೆತ್ತೋಳು ನಾನೇ."

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಅಷ್ಟು ಹಗುರವಾಗಿತ್ತು ಮನಸ್ಸು. ನನ್ನ ಗಂಡ ಮಾತ್ರ ಇನ್ನೂ ಅನುಮಾನದಲ್ಲೇ "ಹಂಗಾದ್ರೆ ಗೆದ್ದಲು?" ಎಂದರು.

"ಸಿಮೆಂಟ್ ತಿನ್ನೋ ಗೆದ್ದಲು ನಾನಂತೂ ನೋಡಿಲ್ಲ ಸಾರ್" ಎಂದ ಪೆಸ್ಟ್ ಕಂಟ್ರೋಲಿನವನು.

ಮನೆ ನಮ್ಮದಾಯಿತು. ಬೀಗದ ಕೈ ಕೊಡುವಾಗ ಆಂಟಿ ನನ್ನ ಕೈ ಹಿಡಿದು ಕೇಳಿಕೊಂಡದ್ದು ಒಂದೇ. "ಪಂಚಮಿ ದಿನ ಗೇಟು ತೆಗೆದಿಡಮ್ಮಾ. ಒಳಗೇನಿದೆ ಅಂತ ಅವ್ರಿಗೆ ಮಾತ್ರ ಹೇಳ್ಬೇಡ, ನೊಂದ್ಕೋತಾರೆ."

ಪಂಚಮಿಗೆ ಮುಂಚೆಯೇ ನಾನು ಕೆಂಪು ಮಣ್ಣು ಕಲಸಿ ಮೆತ್ತಿದೆ. ಹಬ್ಬದ ಬೆಳಿಗ್ಗೆ ಬೀದಿಯ ಹೆಂಗಸರೆಲ್ಲ ಬಂದರು. ಮುಂದೆ ಪಕ್ಕದ ಮನೆಯ ಯಜಮಾನಿ, ಈ ಊರಲ್ಲೇ ಹುಟ್ಟಿ ಬೆಳೆದ ಮುದುಕಿ. ಆಕೆ ಎರೆದ ಹಾಲು ಒಳಗೆ ಇಂಗಲಿಲ್ಲ, ಮಣ್ಣನ್ನೇ ತೊಳೆದುಕೊಂಡು ಜರ್ರನೆ ಕೆಳಗಿಳಿಯಿತು. ಇನ್ನು ಗುಟ್ಟು ರಟ್ಟಾಯಿತು ಎಂದುಕೊಂಡೆ. ನನ್ನ ಸರದಿ ಬಂದಾಗ ಹಾಲಿನ ತಂಬಿಗೆ ಹಿಡಿದು ಹುತ್ತದ ಎಡಕ್ಕೆ ಬಗ್ಗಿದೆ.

ಆಕೆ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದರು. "ಎಡಗಡೆ ಆಲು ಉಯ್ಬೇಡ ಕಣವ್ವಾ, ಅಲ್ಲಿ ಸಿಮೆಂಟು ಬಿರುಕು ಬಿಟ್ಟೈತೆ. ಒಂಚೂರು ಗಾರೆ ಆಕ್ಸು."

ನಾನು ಬಾಯಿ ಬಿಟ್ಟುಕೊಂಡು ನಿಂತೆ. "ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಕಟ್ಟಿದ್ ಗಾರೆಯೋನು ನನ್ ಮೈದುನಾನೇ. ನಮಗೋಸ್ಕರ ಕಟ್ಸವ್ರೆ ಅಂತ್ಲೇ ಇಲ್ಲಿಗ್ ಬಂದು ಎರಿಯೋದು." ಆಮೇಲೆ ದನಿ ತಗ್ಗಿಸಿದರು. "ಆಯಮ್ಮಂಗೆ ಮಾತ್ರ ಏಳ್ಬೇಡ ಕಣೆ. ಪಾಪ, ನೊಂದ್ಕೊಂತಾರೆ."

ಮಧ್ಯಾಹ್ನ ಆಂಟಿಯ ಫೋನ್ ಬಂತು. "ಯಾರಿಗೂ ಗೊತ್ತಾಗ್ಲಿಲ್ಲ ತಾನೇಮ್ಮಾ?"

"ಇಲ್ಲ ಆಂಟಿ, ಯಾರಿಗೂ ಗೊತ್ತಾಗ್ಲಿಲ್ಲ" ಎಂದೆ.