ಕೆಳಗಿನ ನಾಲ್ಕು ಸಾಲು

ಚೌಕಳಿ ಅಕ್ಕನಿಗೆ ಕೋಪ ಬಂದರೆ ಧ್ವನಿ ಏರುವುದಿಲ್ಲ, ಇಳಿಯುತ್ತದೆ. ಆ ಮಧ್ಯಾಹ್ನ ಟೈರ್ ಅಂಗಡಿಯ ಮೇಲಿನ ಗೇಮ್ ಕಂಪನಿಯ ಎರಡು ಕೋಣೆಯ ಆಫೀಸಿನಲ್ಲಿ ಅವಳ ಮಾತು ಕೇಳಿಸಿಕೊಳ್ಳಲು ಮಾಲೀಕ ಕುರ್ಚಿಯಿಂದ ಮುಂದಕ್ಕೆ ಬಾಗಬೇಕಾಯಿತು.

"ಕೆಳಗಿನ ನಾಲ್ಕು ಸಾಲು ಎಲ್ಲಿ ಸರ್?"

ಇಪ್ಪತ್ತೆರಡು ವರ್ಷ ಅವಳು ಬಸ್ ನಿಲ್ದಾಣಗಳ ದೀಪದ ಬೋರ್ಡಿಗೆ ಅಕ್ಷರ ಬರೆದವಳು. ಯಾವ ಬಲ್ಬು ಉರಿಯಬೇಕು, ಯಾವುದು ಆರಬೇಕು ಎಂದು ಚೌಕಳಿ ಹಾಳೆಯಲ್ಲಿ ಪೆನ್ಸಿಲಿನಿಂದ ತುಂಬುವ ಕೆಲಸ. ಅಡ್ಡಹೆಸರು ಬಂದದ್ದೂ ಅದರಿಂದಲೇ. ಆ ಬೋರ್ಡುಗಳನ್ನು ಬರೆದದ್ದು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಹಳೆಯ ಕಾಲದ ವಿಡಿಯೋ ಗೇಮಿನಂಥ ಚೌಕಚೌಕದ ಅಕ್ಷರ ಬೇಕೆಂದು ಈ ಗೇಮ್ ಕಂಪನಿ ಹುಡುಕಿಕೊಂಡು ಬಂದಾಗ ಅವಳು ಕೇಳಿದ್ದು ಒಂದೇ: ಆಟದ ಕೊನೆಯಲ್ಲಿ ತನ್ನ ಹೆಸರಿರಬೇಕು.

ಹತ್ತು ತಿಂಗಳು ಹಿಡಿಯಿತು. ಹದಿನಾರು ಚೌಕದ ಎತ್ತರ. ಮೇಲಿನ ಹನ್ನೆರಡು ಸಾಲು ಅಕ್ಷರಕ್ಕೆ, ಕೆಳಗಿನ ನಾಲ್ಕು ಒತ್ತಕ್ಷರಕ್ಕೆ. ತ ಒತ್ತೊಂದೇ ಮೂರು ವಾರ ತಿಂದಿತು. ಈಗ ಪರದೆಯಲ್ಲಿ ಇನ್ನೊಂದು ವಾಕ್ಯ ಹಿಡಿಸಲೆಂದು ಮಾಲೀಕ ಅವಳಿಗೊಂದು ಮಾತೂ ಹೇಳದೆ ಆ ನಾಲ್ಕನ್ನೂ ಕೊಯ್ದುಹಾಕಿದ್ದ. ಸಂಜೆ ಆರಕ್ಕೆ ಆಟ ಬಿಡುಗಡೆ.

"ಓದೋಕೆ ಬರುತ್ತಲ್ಲಕ್ಕಾ? 'ಕತ್ತೆಗೆ ನೀರು ಕುಡಿಸು.' ಸರಿಯಾಗೇ ಇದೆ."

"ನೀವೇ ಬರೆದ ಸಾಲು, ನಿಮಗೆ ಬಾಯಿಪಾಠ. ಕಣ್ಣಲ್ಲಿ ಓದ್ತಿಲ್ಲ ನೀವು."

ಊಟದ ಡಬ್ಬಿ ತಂದಿದ್ದ ಮಾಲೀಕನ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಚೌಕಳಿ ಅಕ್ಕ ಪರದೆಯನ್ನು ಅವರತ್ತ ತಿರುಗಿಸಿದಳು. "ಅಮ್ಮಾ, ಇದೊಂಚೂರು ಓದಿ."

ಅವರು ಕನ್ನಡಕ ಸರಿಮಾಡಿಕೊಂಡರು. "ಕತೆಗೆ ನೀರು ಕುಡಿಸು." ಅಳಿಯನತ್ತ ತಿರುಗಿ, "ಅಳಿಯಂದ್ರೇ, ಕತೆಗೂ ಬಾಯಾರುತ್ತಾ?"

ಮಾಲೀಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಇರ್ಲಿ ಬಿಡಿ, ಜನಾನೂ ನಗ್ತಾರೆ. ಮುಂದಿನ ಸಲ ಸರಿಮಾಡೋಣ."

ಕೊಯ್ದದ್ದಕ್ಕಿಂತ ಆ ನಗು ಅವಳ ಮೈ ಉರಿಸಿತು.

"ನಗೋದು ನಿಮ್ಮನ್ನಲ್ಲ. ಒತ್ತು ಬರೆಯೋಕೆ ಬಾರದೋಳು ಯಾರಪ್ಪಾ ಅಂತ ಹೆಸರು ಹುಡುಕ್ತಾರೆ. ನಾಲ್ಕು ಸಾಲು ವಾಪಸ್ ಹಾಕಿ, ಇಲ್ಲಾ ನನ್ನ ಹೆಸರು ತೆಗೀರಿ."

"ಹೆಸರು ಬೇಕು ಅಂತ ಹಟ ಹಿಡಿದೋರು ನೀವೇ! ತೆಗೆದು ಅಲ್ಲಿ ಏನ್ ಹಾಕ್ಲಿ?"

"ಕೊಯ್ದೋರ ಹೆಸರು ಹಾಕಿ."

ಅತ್ತೆ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದರು. ಮಾಲೀಕನ ನಗು ನಿಂತಿತು. ಪರದೆಗಳನ್ನೆಲ್ಲ ಹಿಂದಿನಂತೆ ಜೋಡಿಸಲು ಎರಡು ದಿನ ಬೇಕು. ಅವನ ಕೈಯಲ್ಲಿದ್ದದ್ದು ನಾಲ್ಕು ಗಂಟೆ. ಬಿಡುಗಡೆ ಮುಂದೂಡುವ ಮಾತು ಅವನ ಬಾಯಿಂದ ಬರಲಿಲ್ಲ. ಕೊನೆಯ ಪುಟ ತೆರೆದು ಕೀಲಿಮಣೆಯನ್ನು ಅವಳತ್ತ ತಳ್ಳಿದ.

'ಅಕರ ಬರೆದವರು' ಎಂದಿತ್ತು ಅಲ್ಲಿ. ಕ್ಷ ಕೂಡ ಉಳಿದಿರಲಿಲ್ಲ. ಅದರ ಮುಂದೆ ಅವಳ ಹೆಸರು.

ಅವಳು ಕೂರಲಿಲ್ಲ. ನಿಂತುಕೊಂಡೇ, ಹಲ್ಲು ಕಚ್ಚಿ, ತನ್ನ ಹೆಸರನ್ನು ಕೊನೆಯಿಂದ ಮೊದಲಿನವರೆಗೆ ಒಂದೊಂದೇ ಅಕ್ಷರ ಅಳಿಸಿದಳು.