‘ಕ’ ಕೈಕೊಟ್ಟು ನಾನು ತಾತನಾದೆ

ಹೆಣ್ಣು ನೋಡಲು ಹೋದವನನ್ನು ಹೆಣ್ಣಿನ ಮನೆಯಲ್ಲೇ ಯಾರಾದರೂ ‘ತಾತಾ’ ಎಂದು ಕರೆದರೆ ಹೇಗಿರುತ್ತದೆ?

ನನಗೆ ಹಾಗಾಯಿತು. ಮಸ್ಕಿಯಲ್ಲಿ. ಮೂವತ್ತನಾಲ್ಕನೇ ವಯಸ್ಸಿಗೆ, ತಲೆ ತುಂಬ ಕೂದಲಿರುವಾಗಲೇ! (ಬಣ್ಣವೂ ಸ್ವಂತದ್ದೇ.)

ಕರೆದವಳು ನಮ್ಮಣ್ಣನ ಮಗಳು ಗಂಗಾ. ನಾಲ್ಕೂವರೆ ವರ್ಷ, ಸಿಂಧನೂರಿನಲ್ಲಿ ಎಲ್‌ಕೆಜಿ. ಅವಳ ಬಾಯಲ್ಲಿ ‘ಕ’ ಹೋಗಿ ‘ತ’ ಆಗುತ್ತಿತ್ತು, ‘ಗ’ ಹೋಗಿ ‘ದ’. ಕೋಳಿ ‘ತೋಳಿ’. ಕಾಕಾ ಆದ ನಾನು ‘ತಾತಾ’.

ಅವತ್ತು ಉಪ್ಪಿಟ್ಟಿನ ಪ್ಲೇಟು ಹಿಡಿದು ಗಂಭೀರವಾಗಿ ಕೂತಿದ್ದೆ. ಪಕ್ಕದಲ್ಲಿದ್ದ ಗಂಗಾ ಗಟ್ಟಿಯಾಗಿ, “ತಾತಾ, ನಂದ ನೀರು ಬೇತು!” ಎಂದಳು. (‘ಕಾಕಾ, ನಂಗ ನೀರು ಬೇಕು’ ಎಂದು ಓದಿಕೊಳ್ಳಿ.)

ಹುಡುಗಿಯ ತಾಯಿ ಪಕ್ಕದವರ ಕಿವಿಯಲ್ಲಿ, ಆದರೆ ನನಗೂ ಕೇಳುವ ಹಾಗೆ, “ಕೂಸು ತಾತ ಅನ್ನಾಕತ್ತೈತಲ್ಲಬೇ, ಹುಡುಗಂಗ ವಯಸ್ಸೆಷ್ಟಂತ?” ಎಂದರು. ಇಡೀ ಪಡಸಾಲೆ ನಕ್ಕಿತು.

ನಗದವಳು ಹುಡುಗಿ ಒಬ್ಬಳೇ. ಆಕೆ ಚಿಕ್ಕ ಮಕ್ಕಳ ಶಾಲೆಯ ಟೀಚರ್. ಗಂಗಾಳಿಗೆ ನೀರು ಕೊಟ್ಟು, “ನಿನ್ನ ಹೆಸರೇನವಾ?” ಎಂದು ಕೇಳಿದಳು.

“ದಂದಾ.”

ಆಕೆ ನಮ್ಮವ್ವನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: “ಈ ವಯಸ್ಸಿಗೆ ಕ, ಗ ಬಂದಿರಬೇಕ್ರಿ ಅಮ್ಮಾರ. ಮಾತಿನ ಡಾಕ್ಟರ್‌ಗೆ ಒಮ್ಮೆ ತೋರಸ್ರಿ. ಸಣ್ಣಾಕಿ ಇದ್ದಾಗಾದ್ರ ಲಗೂನ ಸರಿ ಆಕ್ಕೈತಿ.”

ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ಕುದಿಯುತ್ತಿದ್ದಳು. “ನೋಡಾಕ ಹೋದವ್ರು ನಾವು. ಆಕಿ ನಮ್ಮ ಕೂಸಿಗೇ ಐಬು ಇಟ್ಟಾಳಲ್ಲ! ಬ್ಯಾಡ ಈ ಸಂಬಂಧ.”

ಸಂಬಂಧ ಅಲ್ಲಿಗೇ ಮುರಿಯಿತು. (ನನ್ನನ್ನು ಯಾರೂ ಕೇಳಲಿಲ್ಲ. ನನಗೆ ಒಪ್ಪಿಗೆಯಿತ್ತು.) ಸ್ವಲ್ಪ ದಿನಕ್ಕೇ ಆಕೆಗೆ ಗುರುಗುಂಟಾದಲ್ಲಿ ನಿಶ್ಚಯವೂ ಆಯಿತಂತೆ.

ನಮ್ಮ ಮನೆಯಲ್ಲಿ ಮಾತ್ರ ಕಾಮಿಡಿ ಶೋ ಮುಂದುವರಿಯಿತು. ಬಂದ ನೆಂಟರೆದುರು ಅಣ್ಣ, “ಗಾಡಿ ಅನ್ನು” ಎನ್ನುವುದು, ಅವಳು “ದಾಡಿ” ಎನ್ನುವುದು, ಎಲ್ಲರೂ ಹೊಟ್ಟೆ ಹಿಡಿದು ನಗುವುದು. ಅವ್ವನದು ಬೇರೆ ದಾರಿ. ಬಜೆ ಬೇರು ತೇಯ್ದು, ಜೇನು ಕೂಡಿಸಿ ನಾಲಿಗೆಗೆ ಹಚ್ಚಿದಳು. ಗಂಗಾ ಜೇನು ನೆಕ್ಕಿ ಬಜೆ ಉಗುಳಿದಳು.

ಆಮೇಲೆ ಒಂದು ವಿಚಿತ್ರ ಶುರುವಾಯಿತು. ಅವಳ ಬಾಯಲ್ಲಿ ಬೆಕ್ಕು ‘ಮ್ಯಾಂವ್’ ಆಯಿತು. ಗಾಡಿ ‘ಡುರ್‌ರ್’ ಆಯಿತು. ನನ್ನನ್ನು ಕರೆಯುವುದು ಬಿಟ್ಟು ಅಂಗಿ ಎಳೆಯತೊಡಗಿದಳು. ಎಂಥ ಜಾಣೆ! ಕ, ಗ ಇರುವ ಮಾತಿಗೆಲ್ಲ ಬೈಪಾಸ್ ರಸ್ತೆ.

ಆದರೆ ಹೆಸರಿಗೆ ಬೈಪಾಸ್ ಎಲ್ಲಿದೆ? ಶಾಲೆಯಲ್ಲಿ ಮಕ್ಕಳೆಲ್ಲ ‘ದಂದಾ, ದಂದಾ’ ಎಂದು ಕಾಡುತ್ತಾರಂತೆ. ಹಾಜರಿಗೂ ಬಾಯಿ ಬಿಡುವುದಿಲ್ಲ ಎಂದು ಮಿಸ್ ಹೇಳಿ ಕಳಿಸಿದರು. ಅವತ್ತು ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಅವ್ವ ಮತ್ತು ನಾನು ಗಂಗಾಳನ್ನು ಲಿಂಗಸುಗೂರಿಗೆ ಕರೆದೊಯ್ದೆವು. ಅಲ್ಲಿ ಮಾತಿನ ಚಿಕಿತ್ಸೆ ಮಾಡುವ ಮೇಡಂ ಒಬ್ಬರಿದ್ದಾರೆ. ಮೊದಲು ಕಿವಿ ಪರೀಕ್ಷೆ ಮಾಡಿಸಿದರು. ಪಾಸ್. ಬಾಯಿ, ನಾಲಿಗೆ ನೋಡಿದರು. ಅದೂ ಪಾಸ್. ಆಮೇಲೆ ಕೋಳಿಯ ಚಿತ್ರ ತೋರಿಸಿ, “ಇದು ತೋಳಿ ಅಲ್ಲೇನು?” ಎಂದು ಕೇಳಿದರು.

ಗಂಗಾಳಿಗೆ ಸಿಟ್ಟು ಬಂತು. “ತೋಳಿ ಅಲ್ಲ! ತೋಳಿ!”

ಮೇಡಂ ನಕ್ಕರು. “ನೋಡಿದ್ರೇನ್ರಿ? ಕಿವಿಗೆ ಕೋಳಿ ಅಂತ ಗೊತ್ತೈತಿ. ಕ ಅನ್ನಾಕ ನಾಲಿಗಿ ಹಿಂದಿನ ಭಾಗ ಏಳಬೇಕು, ಈಕೀದು ತುದಿ ಏಳಾಕತ್ತೈತಿ. ಕಲಿಸಿದ್ರ ಬರ್ತೈತಿ.”

“ನಾಕ್ ದಿನ ತಡದ್ರ ತಾನ ಬರೂದಿಲ್ಲೇನ್ರಿ?” ಎಂದಳು ಅವ್ವ.

“ರ, ಷ ಇಂಥವು ತಡಾ ಬರ್ತಾವ್ರಿ, ಅದಕ್ಕ ಗಾಬರಿ ಬ್ಯಾಡ. ಆದ್ರ ನಾಕು ವರ್ಷದ ಕೂಸಿನ ಮಾತು ಹೊರಗಿನವರಿಗೆ ತಿಳೀಲಿಲ್ಲಂದ್ರ, ಕೂಸು ಮಾತಾಡಾಕ ಹಿಂಜರಿದ್ರ, ಕಾಯಬಾರದು.”

ಹೋಮ್‌ವರ್ಕ್ ಗಂಗಾಳಿಗಿಂತ ನಮಗೇ ಹೆಚ್ಚು. ನಗಬಾರದು. ‘ಇನ್ನೊಮ್ಮೆ ಹೇಳು’ ಎಂದು ಪೀಡಿಸಬಾರದು. ಅವಳು ‘ತೋಳಿ ಬಂತು’ ಎಂದರೆ ನಾವು ‘ಹೌದಲ್ಲ, ಕೋಳಿ ಬಂತು’ ಎಂದು ಸರಿಯಾಗಿ ಅನ್ನಬೇಕು, ಅಷ್ಟೇ. ಅವ್ವ ಅದನ್ನು ಎಷ್ಟು ನಿಷ್ಠೆಯಿಂದ ಮಾಡಿದಳೆಂದರೆ, ಪಕ್ಕದ ಮನೆಯಾಕೆ ತನ್ನ ಕೋಳಿ ಹುಡುಕಿಕೊಂಡು ನಮ್ಮಲ್ಲಿಗೆ ಬಂದಳು! ಜೊತೆಗೆ ಕನ್ನಡಿ ಮುಂದೆ ಗಂಟಲಲ್ಲಿ ನೀರು ಮುಕ್ಕಳಿಸುವ ಆಟ. ನಾಲಿಗೆಯ ಹಿಂಭಾಗ ಎಚ್ಚರವಾಗಲಿ ಅಂತ. ಗಂಗಾ ಗಳಗಳ ಅನ್ನಿಸಿದರೆ ನಾವೆಲ್ಲರೂ ಗಳಗಳ. ಲಿಂಗಸುಗೂರಿಗೆ ಓಡಾಟವಂತೂ ಇದ್ದೇ ಇತ್ತು.

ಮೊದಲು ಬರೀ ‘ಕ್’ ಬಂತು. ಎಷ್ಟೋ ವಾರಗಳ ಮೇಲೆ ಒಂದು ಬೆಳಿಗ್ಗೆ “ಕಾಕಾ!” ಬಂತು. ಹಲ್ಲುಜ್ಜುತ್ತಿದ್ದವನು ಬ್ರಷ್ ಕೈಬಿಟ್ಟೆ. ಹೊಸ ಉಮೇದಿನಲ್ಲಿ ಅವಳು ನಿಜವಾದ ತಾತನಾದ ನಮ್ಮಪ್ಪನನ್ನೂ ‘ಕಾಕಾ’ ಎಂದು ಕರೆದಳು. ಅಪ್ಪನಿಗೆ ಖುಷಿಯೋ ಖುಷಿ. ತಿದ್ದಬೇಡಿರೆಂದು ಕಣ್ಸನ್ನೆ ಮಾಡಿದ!

ಈಗ ಅವಳು ಹಾಜರಿಗೆ “ಗಂಗಾ ಪ್ರೆಸೆಂಟ್ ಮಿಸ್” ಎಂದು ಹೊರಗಿನ ರಸ್ತೆಗೂ ಕೇಳುವಂತೆ ಕೂಗುತ್ತಾಳೆ.

ಮೊನ್ನೆ ಮಿಸ್ ಫೋನ್ ಮಾಡಿದ್ದರು. “ನಿಮ್ಮ ಗಂಗಾ ಕ್ಲಾಸಿನ್ಯಾಗ ಭಾಳ ಮಾತಾಡಾಕತ್ಯಾಳ್ರಿ. ಸ್ವಲ್ಪ ಸುಮ್ಮನಿರಾಕ ಹೇಳ್ರಿ.”

ಮಾತಾಡದಿದ್ದರೂ ದೂರು, ಮಾತಾಡಿದರೂ ದೂರು: ನಮಗೆ ದೊಡ್ಡವರಿಗೆ ಬೇಕಾದದ್ದಾದರೂ ಏನು?